ಇಟ್ಟದ್ದು ಸಿಗಬೇಕು

ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಹಗೇವು ಎಂಬುದೊಂದಿರುತ್ತಿತ್ತು. ನನ್ನ ಗೆಳತಿಯರಲ್ಲಿ ಅನೇಕರು ಅದನ್ನು ಕಂಡಿರಲಿಕ್ಕಿಲ್ಲ. ನೆಲದಲ್ಲಿ ಆಳವಾಗಿ ತೋಡಿದ ಕುಣಿ. ಬಾಯಿ ಕಿರಿದು, ಹೊಟ್ಟೆ ಹಿರಿದು. ಸುಗ್ಗಿ ಮುಗಿದ ಮೇಲೆ ಜೋಳವನ್ನು ಅದರಲ್ಲಿ ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ನಮ್ಮ ಮನೆಯ ಹಗೇವನ್ನು ನಾನು ಹುಟ್ಟುವ ಮೊದಲೇ ಮುಚ್ಚಿಸಿಬಿಟ್ಟಿದ್ದರು. ಆದರೆ ನಮ್ಮ ಆಯಿ ಅದರ ಸುದ್ದಿಯನ್ನು ಇನ್ನೂ ಹೇಳುತ್ತಾಳೆ. "ಹಾಕೂದು ಸಸಾರ, ತಗಿಯೂದು ತ್ರಾಸು" ಎಂಬುದು ಆಕೆಯ ಮಾತು. ಬಾಯಿ ತೆರೆದ ಕೂಡಲೆ ಒಳಗೆ ಇಳಿಯುವಂತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು. ಕಂದೀಲು ಇಳಿಬಿಟ್ಟು ನೋಡಬೇಕು; ದೀಪ ಆರಿತೆಂದರೆ ಮನುಷ್ಯನೂ ಇಳಿಯಬಾರದು. ಇಷ್ಟಾಗಿಯೂ ಕೈಗೆ ಸಿಗುವುದು ಮೇಲಿನ ಕಾಳು. ತಳದಲ್ಲಿರುವ ಮೊದಲ ವರ್ಷದ ಜೋಳವೇ ಬೇಕೆಂದರೆ ಹಗೇವು ಪೂರ್ತಿ ಬರಿದಾಗಬೇಕು.

ಇಡುವುದು ಒಂದು ವಿದ್ಯೆ, ಇಟ್ಟದ್ದನ್ನು ಬೇಕಾದಾಗ ತೆಗೆಯುವುದು ಇನ್ನೊಂದು ವಿದ್ಯೆ. ಈ ಎರಡನೆಯ ವಿದ್ಯೆಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ನನಗೆ ಬಹಳ ದಿನಗಳಿಂದ ಆಸೆ. ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ; ಕನ್ನಡ, ಇತಿಹಾಸ, ಅರ್ಥಶಾಸ್ತ್ರ ಓದುವವಳು. ಗಣಕಯಂತ್ರವನ್ನು ಕುರಿತು ನಮಗೆ ಇದ್ದದ್ದು ಒಂದೇ ಒಂದು ಪತ್ರಿಕೆ. ಅದರಲ್ಲಿ 'ದತ್ತಸಂಚಯ' ಎಂಬ ಪಾಠವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆನೇ ಹೊರತು ಅರ್ಥ ಮಾಡಿಕೊಂಡಿರಲಿಲ್ಲ. ಅರ್ಥ ಮಾಡಿಸಿದ್ದು ನಮ್ಮ ಅಜ್ಜನ ಹೊಲ. ಆದ್ದರಿಂದ ತಪ್ಪಿದ್ದಲ್ಲಿ ವಾಚಕರು ತಿದ್ದಿ ಓದಿಕೊಳ್ಳಬೇಕು.

ನಮ್ಮೂರು ಬೈಲಹೊಂಗಲಕ್ಕೂ ಸವದತ್ತಿಗೂ ನಡುವಿನ ಒಂದು ಹಳ್ಳಿ. ಅಜ್ಜ ತೀರಿಕೊಂಡದ್ದು ಹೋದ ವರ್ಷ ಕಾರಹುಣ್ಣಿಮೆಯ ಹಿಂದಿನ ವಾರ. ದಿನಕರ್ಮಗಳೆಲ್ಲ ಮುಗಿದು, ಬಂದ ಬೀಗರು ಹೋದ ಮೇಲೆ, ಬಿತ್ತನೆಯ ಚಿಂತೆ ಬಂದಿತು. ಐದು ಎಕರೆ ಕರಿಮಣ್ಣಿನ ಹೊಲ ಅಜ್ಜನ ಹೆಸರಿನಲ್ಲಿಯೇ ಇದ್ದಿತು. ಸತ್ತವರ ಹೆಸರಿನ ಮೇಲೆ ಬೆಳೆಸಾಲ ಹುಟ್ಟುವುದಿಲ್ಲ. ವಾರಸಾ ಮಾಡಿಸಬೇಕು, ಅದಕ್ಕೆ ಮೊದಲು ಉತಾರ ಬೇಕು. ಬೇರೆ ಕಡೆ ಪಹಣಿ ಎನ್ನುವುದನ್ನು ನಮ್ಮ ಕಡೆ ಉತಾರ ಎನ್ನುತ್ತೇವೆ.

ಮನೆಯಲ್ಲಿ ಕಾಗದಪತ್ರಕ್ಕೆಂದು ಒಂದು ತಗಡಿನ ಟ್ರಂಕು ಇದೆ. ಅಪ್ಪ ಅದನ್ನು ನಡುಮನೆಯಲ್ಲಿ ಸುರುವಿದ. ಲೈಟಿನ ಬಿಲ್ಲು, ಕಂದಾಯದ ಪಾವತಿ, ಯಲ್ಲಮ್ಮನ ಗುಡ್ಡದಲ್ಲಿ ತೆಗೆಸಿದ ಫೋಟೋ, ಕಾಕಾನ ಲಗ್ನಪತ್ರಿಕೆ, ನನ್ನ ಹತ್ತನೆಯ ಇಯತ್ತೆಯ ಅಂಕಪಟ್ಟಿ, ಎತ್ತು ಕೊಂಡ ಚೀಟಿ ಎಲ್ಲವೂ ಹೊರಬಂದವು. ಅರ್ಧ ದಿನ ಹುಡುಕಿದರೂ ಉತಾರ ಮಾತ್ರ ಬರಲಿಲ್ಲ. ಅಪ್ಪನಿಗೆ ಸಹಿ ಮಾಡಲು ಬರುತ್ತದೆ, ಓದಲು ಬರುವುದಿಲ್ಲ. ಒಂದೊಂದು ಕಾಗದವನ್ನೂ ನನ್ನ ಮುಂದೆ ಹಿಡಿದು "ಇದು ಏನ ನೋಡವಾ, ಇದು?" ಎಂದು ಕೇಳುತ್ತಿದ್ದ. ನಮ್ಮ ಟ್ರಂಕೂ ಒಂದು ಹಗೇವೇ ಎಂದು ಆಗ ನನಗೆ ಅನಿಸಿತು. ಕೊನೆಗೆ ಅಪ್ಪ, "ನಮ್ಮ ಮನ್ಯಾಗ ಇಷ್ಟು ಸಾಲಿ ಕಲ್ತಾಕಿ ನೀ ಒಬ್ಬಾಕಿ. ನೀನ ಕಚೇರಿಗೆ ಹೋಗಿ ಬಾರವಾ" ಎಂದ.

ಹೋದೆ. ಯಾವ ಕಿಟಕಿಗೆ ಹೋಗಬೇಕೆಂದು ತಿಳಿಯದೆ ದಾಖಲೆಗಳ ಕೋಣೆಯ ಬಾಗಿಲಿಗೇ ಹೋಗಿ ನಿಂತೆ. ಒಳಗೆ ಕಪಾಟುಗಳ ತುಂಬ ಬಟ್ಟೆಯ ಗಂಟುಗಳು. ಅವಕ್ಕೆ ರುಮಾಲು ಎನ್ನುತ್ತಾರೆಂದು ಆಮೇಲೆ ತಿಳಿಯಿತು. ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಹಿರಿಯ ಕಾರಕೂನರು ಕುಳಿತಿದ್ದರು. ನಾನು ಊರ ಹೆಸರು ಹೇಳಿ, "ನಮ್ಮ ಅಜ್ಜ ಯಲ್ಲಪ್ಪನವರ ಹೊಲದ್ದು ಉತಾರ ಬೇಕಾಗಿತ್ರೀ" ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ ನಕ್ಕರು.

"ಯಲ್ಲಮ್ಮನ ಸೀಮ್ಯಾಗ ನಿಂತು ಯಲ್ಲಪ್ಪ ಅಂದರ ಎಷ್ಟು ಮಂದಿ ಓ ಅಂತಾರ ಗೊತ್ತೈತೇನ ತಂಗಿ? ಹೆಸರು ಹೇಳಿದರ ಹೊಲ ಸಿಗೂದಿಲ್ಲ. ಸರ್ವೆ ನಂಬರ ಹೇಳು."

ನನಗೆ ನಂಬರು ಗೊತ್ತಿರಲಿಲ್ಲ. ನಾಚಿಕೆಯಾಯಿತು. ಆ ಹೊಲದಲ್ಲಿ ಕಳೆ ತೆಗೆದಿದ್ದೇನೆ, ಸೀಗಿಹುಣ್ಣಿಮೆಗೆ ಚರಗ ಚೆಲ್ಲಿದ್ದೇನೆ, ಬದುವಿನ ಬಾರಿಹಣ್ಣು ತಿಂದು ಬೆಳೆದಿದ್ದೇನೆ. ಸರ್ಕಾರದ ಲೆಕ್ಕದಲ್ಲಿ ಅದರ ಹೆಸರೇನೆಂಬುದು ಮಾತ್ರ ತಿಳಿಯದು. ಅವರು ದಯಾವಂತರು. ಕೈಗೆ ಕೆಲಸವೂ ಕಡಿಮೆ ಇದ್ದಿತೆಂದು ತೋರುತ್ತದೆ. ನನ್ನನ್ನು ಕೂಡ್ರಿಸಿ ದಫ್ತರದ ಮರ್ಮವನ್ನು ತಿಳಿಸಿದರು. ರುಮಾಲುಗಳನ್ನು ಊರಿನ ಪ್ರಕಾರ ಇಡುತ್ತಾರೆ. ರುಮಾಲಿನೊಳಗೆ ಸರ್ವೆ ನಂಬರಿನ ಕ್ರಮ. ಊರು, ನಂಬರು ಎರಡೂ ಗೊತ್ತಿದ್ದವನಿಗೆ ಒಂದು ಗಂಟು ಬಿಚ್ಚಿದರೆ ಸಾಕು. ಹೆಸರಷ್ಟೇ ಗೊತ್ತಿದ್ದವನಿಗೆ ಬೇರೆ ದಾರಿ: ಖಾತೆ ಪುಸ್ತಕದಲ್ಲಿ ಹೆಸರು ಹುಡುಕಿ, ಆ ಹೆಸರಿನ ಮುಂದೆ ಬರೆದ ನಂಬರು ಹಿಡಿದು, ಆಮೇಲೆ ರುಮಾಲಿಗೆ ಬರಬೇಕು. ಪುಸ್ತಕದಲ್ಲಿ ಹೊಲದ ವಿವರವಿಲ್ಲ. ಹೊಲ ಎಲ್ಲಿದೆ ಎಂಬುದರ ಸುಳಿವು ಮಾತ್ರ ಇದೆ.

ನಮ್ಮ ಪಾಠದಲ್ಲಿ 'ಸೂಚಿ' ಎಂದು ಓದಿದ್ದು ಇದೇ ಅಲ್ಲವೆ? ಪುಸ್ತಕದ ಕೊನೆಗೆ ಇರುವ ಅಕಾರಾದಿಯೂ ಇದೇ, ಗ್ರಂಥಾಲಯದ ಚೀಟಿಗಳ ಪೆಟ್ಟಿಗೆಯೂ ಇದೇ. ವಸ್ತು ಒಂದೇ ಜಾಗದಲ್ಲಿ ಒಂದೇ ಕ್ರಮದಲ್ಲಿ ಇರಬಲ್ಲುದು. ಆದರೆ ಅದನ್ನು ತಲುಪುವ ದಾರಿಗಳನ್ನು ಎಷ್ಟಾದರೂ ಮಾಡಿಕೊಳ್ಳಬಹುದು. ಹಾಗಾದರೆ ಎಲ್ಲದಕ್ಕೂ ಸೂಚಿ ಏಕೆ ಮಾಡಬಾರದೆಂದು ಕೇಳಿದೆ. ಕಾರಕೂನರು, "ಹೊಲ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋದಾಗ ಎಲ್ಲಾ ಪುಸ್ತಕ ತಿದ್ದಬೇಕಲ್ಲವಾ! ಒಂದು ತಿದ್ದಿ ಒಂದು ಬಿಟ್ಟರ ಎರಡೂ ಸುಳ್ಳ" ಎಂದರು. ಗಣಕದಲ್ಲಿಯೂ ಇದೇ ಮಾತು. ಸೂಚಿ ಹೆಚ್ಚಿದಷ್ಟೂ ಹುಡುಕುವುದು ಬೇಗ, ಬರೆಯುವುದು ನಿಧಾನ.

ಹೆಸರನ್ನು ಬಿಟ್ಟು ನಂಬರನ್ನೇ ಏಕೆ ಹಿಡಿಯಬೇಕು? ಇದಕ್ಕೆ ಉತ್ತರ ನಮ್ಮ ಸೀಮೆಯ ಇತಿಹಾಸದಲ್ಲಿಯೇ ಇದೆ. ಮುಂಬಯಿ ಪ್ರಾಂತದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ೧೮೩೫ರ ಸುಮಾರಿಗೆ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಹೊಸ ರೀತಿಯ ಮೋಜಣಿಯನ್ನು ಆರಂಭಿಸಿದರು. ಅದರ ನಿಯಮಗಳು ೧೮೪೭ರಲ್ಲಿ ಒಂದು ಜಂಟಿ ವರದಿಯಾಗಿ ಗಟ್ಟಿಗೊಂಡವು. ಹೊಲಹೊಲವನ್ನೂ ಅಳೆದು, ಮೇರೆಗೆ ಕಲ್ಲು ನೆಟ್ಟು, ಒಂದೊಂದಕ್ಕೆ ಒಂದೊಂದು ಅಂಕೆ ಕೊಡುವ ಪದ್ಧತಿ ಅದು. ಹಕ್ಕುಗಳ ದಾಖಲೆಗೆಂದೇ ಮುಂಬಯಿ ಸರ್ಕಾರ ೧೯೦೩ರಲ್ಲಿ ಪ್ರತ್ಯೇಕ ಕಾಯದೆಯನ್ನು ಮಾಡಿತು. ಅಂದಿನಿಂದ ಎಷ್ಟು ಬದಲಾವಣೆಗಳಾದವು! ರಾಮದುರ್ಗ ೧೯೪೮ರವರೆಗೆ ಬೇರೆಯೇ ಒಂದು ಸಂಸ್ಥಾನವಾಗಿದ್ದಿತು. ಆಮೇಲೆ ಮುಂಬಯಿ ಪ್ರಾಂತದಲ್ಲಿ ಸೇರಿತು. ೧೯೫೬ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ೧೯೭೩ರಲ್ಲಿ ಆ ರಾಜ್ಯ ಕರ್ನಾಟಕವಾಯಿತು. ಬೈಲಹೊಂಗಲ ತಾಲೂಕಿನಲ್ಲಿದ್ದ ಕಿತ್ತೂರು ಈಚೆಗೆ ತಾನೇ ಒಂದು ತಾಲೂಕಾಯಿತು. ರಾಜರು ಹೋದರು, ರಾಜ್ಯದ ಹೆಸರು ಬದಲಾಯಿತು, ಉತ್ತವರು ಸತ್ತರು, ಅವರ ಮಕ್ಕಳು ಪಾಲಾದರು. ಹೊಲದ ನಂಬರು ಮಾತ್ರ ಹಾಗೆಯೇ ಉಳಿಯಿತು. ಪಾಲಾದಾಗ ಅದಕ್ಕೊಂದು ಹಿಸ್ಸಾ ನಂಬರು ಅಂಟಿಕೊಂಡಿತು, ಅಷ್ಟೆ. ಗುರುತಿಗೆಂದು ಹಿಡಿಯುವುದು ಬದಲಾಗದಂಥದಾಗಿರಬೇಕು, ಒಂದಕ್ಕೆ ಒಂದೇ ಆಗಿರಬೇಕು. ದತ್ತಸಂಚಯದವರು ಇದನ್ನು ಪ್ರಧಾನ ಕೀಲಿ ಎನ್ನುತ್ತಾರೆ. ಅಂದವಾದ ಹೆಸರಿಗಿಂತ ಅರ್ಥವಿಲ್ಲದ ಅಂಕೆಯೇ ಇಲ್ಲಿ ಮೇಲು.

ಕಿತ್ತೂರಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಒಂದು ಊರು ಒಂದು ತಾಲೂಕಿನಿಂದ ಇನ್ನೊಂದಕ್ಕೆ ಹೋಯಿತೆನ್ನಿ. ಪ್ರತಿಯೊಂದು ಉತಾರದ ಮೇಲೂ ತಾಲೂಕಿನ ಹೆಸರನ್ನು ಬರೆದಿಟ್ಟಿದ್ದರೆ ಸಾವಿರಾರು ಹಾಳೆಗಳನ್ನು ತಿದ್ದಬೇಕು. ಎಲ್ಲೋ ಹತ್ತು ಉಳಿದೇ ಉಳಿಯುತ್ತವೆ. ಅದರ ಬದಲು ಊರುಗಳದೇ ಒಂದು ಕೋಷ್ಟಕ ಮಾಡಿ, ಯಾವ ಊರು ಯಾವ ತಾಲೂಕಿಗೆ ಸೇರಿದ್ದು ಎಂಬುದನ್ನು ಅಲ್ಲಿ ಮಾತ್ರ ಬರೆದು, ಹೊಲದ ಕೋಷ್ಟಕದಲ್ಲಿ ಊರಿನ ಅಂಕೆಯನ್ನಷ್ಟೇ ಇಟ್ಟರೆ? ಆಗ ತಿದ್ದಬೇಕಾದದ್ದು ಒಂದೇ ಸಾಲು. ಹೊಲದವರ ಹೆಸರಿಗೆ ಒಂದು ಕೋಷ್ಟಕ, ಹೊಲಕ್ಕೆ ಒಂದು, ಯಾರಿಗೆ ಎಷ್ಟು ಪಾಲೆಂಬುದಕ್ಕೆ ಇನ್ನೊಂದು. ಕೇಳಿದಾಗ ಅಂಕೆ ಅಂಕೆ ಹೊಂದಿಸಿ ಒಂದೇ ಹಾಳೆಯಾಗಿ ಜೋಡಿಸಿ ಕೊಡುವುದು ಯಂತ್ರದ ಕೆಲಸ. ಒಂದು ಸಂಗತಿಯನ್ನು ಒಂದೇ ಕಡೆ ಬರೆ ಎಂಬ ಈ ನೀತಿಗೆ ಗಟ್ಟಿಯಾದ ಗಣಿತದ ತಳಹದಿಯನ್ನು ಹಾಕಿದವರು ಎಡ್ಗರ್ ಕಾಡ್ ಎಂಬ ಗಣಿತಜ್ಞರು. ಐಬಿಎಂ ಸಂಸ್ಥೆಯಲ್ಲಿದ್ದಾಗ ೧೯೭೦ರಲ್ಲಿ ಅವರು ಪ್ರಕಟಿಸಿದ ಒಂದು ಲೇಖನದಿಂದ ಈ ಸಂಬಂಧಾತ್ಮಕ ಪದ್ಧತಿ ಹುಟ್ಟಿತು. ಅದಕ್ಕೆ ಮೊದಲು ಮಾಹಿತಿ ಕೇಳುವವನು ಅದು ಯಂತ್ರದೊಳಗೆ ಯಾವ ದಾರಿಯಲ್ಲಿದೆ ಎಂಬುದನ್ನೂ ತಿಳಿದಿರಬೇಕಾಗಿತ್ತು. ಕಾಡ್ ಅವರ ಪದ್ಧತಿಯಲ್ಲಿ ಏನು ಬೇಕೆಂದು ಕೇಳಿದರೆ ಸಾಕು. ಹೇಗೆ ತರಬೇಕೆಂಬುದು ಯಂತ್ರದ ಚಿಂತೆ. ರುಮಾಲು ಬಿಚ್ಚುವ ಕೆಲಸ ನನ್ನದಲ್ಲ, ಕಾರಕೂನರದು ಎಂದ ಹಾಗೆ!

ನಮ್ಮ ರಾಜ್ಯದಲ್ಲಿ ಕೈಬರಹದ ಪಹಣಿಗಳು ಗಣಕಕ್ಕೆ ಏರಿದ್ದು ೨೦೦೦ದ ಆಚೀಚೆಯ ವರ್ಷಗಳಲ್ಲಿ, 'ಭೂಮಿ' ಎಂಬ ಯೋಜನೆಯಲ್ಲಿ. ಆಗಿನ ೧೭೭ ತಾಲೂಕುಗಳ ಸುಮಾರು ೬೭ ಲಕ್ಷ ರೈತರ ಸುಮಾರು ೨ ಕೋಟಿ ದಾಖಲೆಗಳು ಹೀಗೆ ಒಳಸೇರಿದವು. ಪ್ರತಿಯೊಂದಕ್ಕೆ ಆಗ ೧೫ ರೂಪಾಯಿ ಶುಲ್ಕವಿದ್ದಿತು. ಎರಡು ಕೋಟಿಯಲ್ಲಿ ಒಂದನ್ನು ಕ್ಷಣದಲ್ಲಿ ಹೇಗೆ ಹುಡುಕುತ್ತದೆ ಎಂಬುದೇ ನನಗೆ ಸೋಜಿಗವಾಗಿತ್ತು. ಲೆಕ್ಕ ಹಾಕಿ ನೋಡಿದೆ. ಒಂದೊಂದಾಗಿ ನೋಡುತ್ತ ಹೋದರೆ ಕೆಟ್ಟ ದಿನ ಎರಡು ಕೋಟಿಯನ್ನೂ ನೋಡಬೇಕಾದೀತು. ಕ್ರಮವಾಗಿ ಜೋಡಿಸಿಟ್ಟು, ನಡುವೆ ತೆರೆದು, ಬೇಕಾದದ್ದು ಈ ಕಡೆಯೋ ಆ ಕಡೆಯೋ ನೋಡಿ, ಪ್ರತಿ ಸಲ ಅರ್ಧ ಬಿಟ್ಟುಬಿಡುತ್ತ ಹೋದರೆ ೨೫ ಹೆಜ್ಜೆಯೊಳಗೆ ಸಿಗುತ್ತದೆ. ಅರ್ಧರ್ಧದ ಬದಲು ಪ್ರತಿ ಸಲ ನೂರು ಕವಲಾಗಿ ಒಡೆದರೆ ನಾಲ್ಕೇ ಹೆಜ್ಜೆ. ಏಕೆಂದರೆ ನೂರನ್ನು ನಾಲ್ಕು ಸಲ ಗುಣಿಸಿದರೆ ಹತ್ತು ಕೋಟಿಯಾಗುತ್ತದೆ. ಹೀಗೆ ಕವಲೊಡೆಯುವ ಸೂಚಿಗೆ ಬಿ-ಮರ ಎಂದು ಹೆಸರು. ಬೇಯರ್, ಮೆಕ್‌ಕ್ರೈಟ್ ಎಂಬಿಬ್ಬರು ೧೯೭೨ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಮೇಲೆ ಬೇರು, ಕೆಳಗೆ ಎಲೆ. ಎಷ್ಟು ಹೊಸ ಎಲೆ ಬಂದರೂ ಎಲ್ಲ ಎಲೆಗಳೂ ಬೇರಿನಿಂದ ಒಂದೇ ದೂರದಲ್ಲಿರುವ ಹಾಗೆ ಈ ಮರ ತನ್ನನ್ನು ತಾನು ಸರಿಪಡಿಸಿಕೊಳ್ಳುತ್ತದೆ.

ಇನ್ನೊಂದು ಗುಣವನ್ನು ಹೇಳಲೇಬೇಕು. ಹೊಲ ಒಬ್ಬರ ಹೆಸರಿನಿಂದ ಇಳಿದು ಇನ್ನೊಬ್ಬರ ಹೆಸರಿಗೆ ಏರುವಾಗ ಎರಡು ಕೆಲಸಗಳು ಆಗಬೇಕು: ಹಳೆಯದನ್ನು ತೆಗೆಯುವುದು, ಹೊಸದನ್ನು ಬರೆಯುವುದು. ನಡುವೆ ಕರೆಂಟು ಹೋದರೆ? ಹಳೆಯವನೂ ಇಲ್ಲ, ಹೊಸಬನೂ ಇಲ್ಲ, ಹೊಲ ಗಾಳಿಯಲ್ಲಿ! ಅದಕ್ಕಾಗಿ ಎರಡೂ ಆಗಬೇಕು, ಇಲ್ಲವೇ ಒಂದೂ ಆಗಬಾರದೆಂಬ ಕಟ್ಟಳೆಯನ್ನು ಒಳ್ಳೆಯ ದತ್ತಸಂಚಯ ಪಾಲಿಸುತ್ತದೆ. ಮಾಡುವ ಕೆಲಸವನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಂಡು ಆಮೇಲೆ ಮಾಡುತ್ತದೆ. ಕರೆಂಟು ಬಂದ ಮೇಲೆ ದಿನಚರಿಯನ್ನು ನೋಡಿ, ಮುಗಿದದ್ದನ್ನು ಉಳಿಸಿ, ಅರ್ಧಮರ್ಧವಾದದ್ದನ್ನು ಅಳಿಸಿಬಿಡುತ್ತದೆ.

ಇಷ್ಟೆಲ್ಲ ತಿಳಿದು, ಖಾತೆಯಿಂದ ನಂಬರು ಹಿಡಿದು, ಉತಾರ ತೆಗೆಸಿಕೊಂಡು ನಾನು ಹೆಮ್ಮೆಯಿಂದ ಮನೆಗೆ ಬಂದೆ. ನಿಜವಾದ ಪರೀಕ್ಷೆ ಮನೆಯಲ್ಲಿಯೇ ಇದ್ದಿತು.

ವಾರಸಾ ಅರ್ಜಿಗೆ ವಂಶಾವಳಿ ಹಚ್ಚಬೇಕು. ಅದನ್ನು ಬರೆಯುವ ಕೆಲಸ ಸಹಜವಾಗಿ ನನ್ನ ಪಾಲಿಗೆ ಬಂದಿತು. ಮೇಲೆ ಅಜ್ಜನ ಹೆಸರು ಬರೆದು, ಪಕ್ಕದಲ್ಲಿ ಆಯಿಯ ಹೆಸರು ಬರೆದು, ಕೆಳಗೆ ಗೆರೆ ಎಳೆದೆ. ಅಪ್ಪ, ಕಾಕಾ, ಅತ್ತಿ. ಮೂರು ಗೆರೆ. ಕಾಕಾ ಬಗ್ಗಿ ನೋಡಿ, "ಮೂರನೇದು ಯಾಕ? ಅಕಿ ಕೊಟ್ಟ ಮನ್ಯಾಗ ಚೆಂದ ಅದಾಳ. ಸುಮ್ಮನ ಅಕಿ ಸಹಿ, ಅಕಿ ಮನಿಯವರ ಕಿರಿಕಿರಿ. ಎರಡ ಗೆರಿ ಹೊಡಿ" ಎಂದ. ಕಾಕಾ ಕೆಟ್ಟವನಲ್ಲ. ನನ್ನ ಕಾಲೇಜಿನ ಫೀಗೆ ತನ್ನ ಎಮ್ಮೆಯ ಹಾಲಿನ ಹಣ ಕೊಟ್ಟವನು ಅವನೇ. ಅಪ್ಪ ಏನೂ ಅನ್ನಲಿಲ್ಲ. ಅಪ್ಪನ ಮೌನಕ್ಕೆ ಒಪ್ಪಿಗೆಯೆಂದೇ ಅರ್ಥ. ನಾನು ಬೇರೆ ಹಾಳೆ ತೆಗೆದುಕೊಂಡು ಎರಡೇ ಗೆರೆ ಎಳೆದೆ. ಇದನ್ನು ಬಚ್ಚಿಡಲಾರೆ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಪಾಠದ ಮಾತುಗಳೇ ತಲೆಯಲ್ಲಿ ಸುತ್ತುತ್ತಿದ್ದವು. ಪಾಲುಗಳೆಲ್ಲ ಕೂಡಿ ಒಂದು ಆಗಬೇಕೆಂದು ಯಂತ್ರಕ್ಕೆ ಕಟ್ಟಳೆ ಹಾಕಬಹುದು. ನಾಲ್ಕು ಪಾಲು ಕೂಡಿದರೂ ಒಂದೇ. ಮೂರು ಪಾಲು ಕೂಡಿದರೂ ಒಂದೇ. ಯಂತ್ರ ಎರಡನ್ನೂ ಒಪ್ಪುತ್ತದೆ. ಎರಡು ಕೋಟಿ ದಾಖಲೆಗಳಲ್ಲಿ ಬೇಕಾದದ್ದನ್ನು ನಾಲ್ಕು ಹೆಜ್ಜೆಯಲ್ಲಿ ಹುಡುಕಬಲ್ಲ ಮರಕ್ಕೆ, ನಮ್ಮ ಹಾಳೆಯ ಮರದಿಂದ ನಾನು ಕಡಿದುಹಾಕಿದ ಕೊಂಬೆಯನ್ನು ಹುಡುಕುವ ಶಕ್ತಿಯಿಲ್ಲ. ಬರೆಯದೆ ಬಿಟ್ಟ ಹೆಸರು ಯಾವ ಸೂಚಿಯಲ್ಲಿಯೂ ಇರುವುದಿಲ್ಲ. ಯಾವ ಪ್ರಶ್ನೆಗೂ ಉತ್ತರವಾಗಿ ಬರುವುದಿಲ್ಲ. ಕರೆಂಟು ಹೋದರೂ ಕಳೆಯದ ಹಾಗೆ ಅದು ನನ್ನ ಸುಳ್ಳನ್ನು ಕಾಪಾಡಿಕೊಂಡು ಬರುತ್ತದೆ. ಆಕ್ಷೇಪಣೆಗೆ ಕಾಲಾವಕಾಶವಿರುತ್ತದೆ, ನಿಜ. ಓದು ಬಾರದ ಅತ್ತಿ ಯಾವ ನೋಟೀಸನ್ನು ಓದಿ ಆಕ್ಷೇಪಿಸಬೇಕು?

ಹೆಣ್ಣುಮಕ್ಕಳು ೧೯೫೬ರ ಹಿಂದೂ ಉತ್ತರಾಧಿಕಾರ ಕಾಯದೆಯಲ್ಲಿಯೇ ವಾರಸುದಾರರು; ೨೦೦೫ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿಯೂ ಹುಟ್ಟಿನಿಂದಲೇ ಸಮಪಾಲು. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು. ವಾರಸದ ಮಾತೂ ನಮ್ಮ ಸೀಮೆಗೆ ಹೊಸದಲ್ಲ. ದತ್ತುಮಗನ ಹಕ್ಕನ್ನು ಕಂಪನಿ ಸರ್ಕಾರ ತನ್ನ ಕಾಗದದಲ್ಲಿ ಒಪ್ಪಲಿಲ್ಲವೆಂದೇ ೧೮೨೪ರಲ್ಲಿ ಕಿತ್ತೂರಿನಲ್ಲಿ ಕತ್ತಿ ಹಿರಿದದ್ದು. ಆ ರಾಣಿ ೧೮೨೯ರಲ್ಲಿ ಸೆರೆಯಲ್ಲಿ ಪ್ರಾಣಬಿಟ್ಟದ್ದು ಬೈಲಹೊಂಗಲದಲ್ಲಿ. ಆಕೆಯ ಸಮಾಧಿ ಅಲ್ಲಿಯೇ ಇದೆ. ಅಂಥ ಊರಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ನನಗೆ ಒಂದು ಗೆರೆ ಎಳೆಯುವ ಧೈರ್ಯವಿರಲಿಲ್ಲ.

ಬೆಳಿಗ್ಗೆ ಅಪ್ಪ ದನಕ್ಕೆ ಮೇವು ಹಾಕುತ್ತಿದ್ದಾಗ ಹೋಗಿ ನಿಂತೆ. "ಅಪ್ಪಾ, ನಾಳೆ ನನ್ನ ಲಗ್ನ ಮಾಡಿಕೊಟ್ಟ ಮ್ಯಾಲೆ, ತಮ್ಮನೂ ಹಿಂಗ ನನ್ನ ಗೆರಿ ಬಿಡಬಹುದೇನು?" ಎಂದೆ. ಅಪ್ಪ ಬಹಳ ಹೊತ್ತು ಎಮ್ಮೆಯ ಕೊರಳು ಸವರುತ್ತ ನಿಂತ. ಕಟ್ಟೆಯ ಮೇಲೆ ಕುಳಿತು ಕೇಳಿಸಿಕೊಂಡ ಆಯಿಯೇ ಮಾತಾಡಿದಳು: "ಮೂರೂ ನನ್ನ ಹೊಟ್ಟ್ಯಾಗ ಹುಟ್ಟಿದ್ವು. ಕಾಗದದಾಗ ಎರಡ ಹೆಂಗ ಹುಟ್ಟಿದ್ವು?"

ಕಾಕಾ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ತಾನೇ ಗಾಡಿ ತೆಗೆದುಕೊಂಡು ಹೋಗಿ ಅತ್ತಿಯನ್ನು ಕರೆದುತಂದ.

ಕೆಲವು ತಿಂಗಳ ಮೇಲೆ ಹೊಸ ಉತಾರ ಬಂದಿತು. ಅದರಲ್ಲಿ ನಾಲ್ಕು ಹೆಸರುಗಳು. ದೀಪಾವಳಿಗೆ ತವರಿಗೆ ಬಂದ ಅತ್ತಿ, "ನನಗ ಹೊಲ ಏನ ಬೇಕವಾ, ಅಣ್ಣ ತಮ್ಮ ಉಣ್ಣಲಿ. ಎಲ್ಲೈತಿ ನನ್ನ ಹೆಸರ, ಒಮ್ಮೆ ತೋರಿಸು" ಎಂದಳು. ನಾನು ಅವಳ ಬೆರಳು ಹಿಡಿದು ಕೊನೆಯ ಸಾಲಿನ ಮೇಲೆ ಇಟ್ಟೆ. ಅವಳು ಓದಲಾರದ ಆ ಅಕ್ಷರಗಳನ್ನು ಎಡದಿಂದ ಬಲಕ್ಕೆ ಒಮ್ಮೆ ಸವರಿ, "ಇಷ್ಟ ಉದ್ದ ಐತೇನ ನನ್ನ ಹೆಸರ!" ಎಂದು ನಕ್ಕಳು.

ಆ ಉತಾರವನ್ನು ಈಗ ಟ್ರಂಕಿನಲ್ಲಿ ಹಾಗೆಯೇ ಒಗೆದಿಲ್ಲ. ಹೊಲ, ಮನೆ, ಓದು ಎಂದು ಮೂರು ಚೀಲ ಮಾಡಿ, ಮುಚ್ಚಳದ ಒಳಬದಿಗೆ ಯಾವುದರಲ್ಲಿ ಏನಿದೆ ಎಂದು ಒಂದು ಪಟ್ಟಿ ಅಂಟಿಸಿದ್ದೇನೆ. ಅಪ್ಪನಿಗೆ ಓದಲು ಬಾರದೆಂದು ಹೊಲದ ಚೀಲಕ್ಕೆ ಹಸಿರು ದಾರ ಕಟ್ಟಿದ್ದೇನೆ. ಮೊನ್ನೆ ಕಂದಾಯದ ಪಾವತಿ ಬೇಕಾದಾಗ ಅಪ್ಪ ನನ್ನನ್ನು ಕರೆಯಲಿಲ್ಲ. ತಾನೇ ಟ್ರಂಕು ತೆರೆದು, ಹಸಿರು ದಾರ ಬಿಚ್ಚಿ, ತೆಗೆದುಕೊಂಡು ಹೋದ.